ಜುಲೈ ತಿಂಗಳಲ್ಲಿ ಹೀಟರ್

ಸರೋವರದ ಕ್ಯಾಂಪು,
ಬಿಗ್‌ಹಾರ್ನ್ ಬೆಟ್ಟ, ವಯೋಮಿಂಗ್
ಜುಲೈ 19, 1989

ನನ್ನ ಪ್ರೀತಿಯ ಅಪ್ಪಾ,

ಬೈಯಬೇಡ! ತಲುಪಿದ ದಿನವೇ ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದವಳು ವಾರ ಕಳೆದ ಮೇಲೆ ಪೆನ್ನು ಹಿಡಿದಿದ್ದೇನೆ. ಹೊಸದಾಗಿ ಮದುವೆಯಾದವರ ದಿನಗಳು ಎಲ್ಲಿಗೆ ಹೋಗುತ್ತವೆ ಎಂದು ಮಾತ್ರ ಕೇಳಬೇಡ. ಬೆಳಿಗ್ಗೆ ನಾನು ಪ್ಯಾನ್‌ಕೇಕ್ ಸೀಯಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ವೆಂಡೆಲ್ ಆ ಸೀದದ್ದನ್ನೂ ಹೊಗಳಿ ಹೊಗಳಿ ತಿನ್ನುತ್ತಾನೆ. ಎಂಥ ಗಂಡ ಸಿಕ್ಕಿದ್ದಾನೆ ಅಪ್ಪಾ! ಇಡೀ ಕ್ಯಾಂಪಿಗೆ ಕೇಳುವ ಹಾಗೆ ಕೂಗಿ ಹೇಳಬೇಕು ಅನ್ನಿಸುತ್ತದೆ. ಒಂದು ಸಲ ಕೂಗಿಯೂ ಆಯಿತು.

ಆಲಿವ್ ಕ್ಷೇಮವಾಗಿದ್ದಾಳೆ. ನೀನು ನನಗಿಂತ ಮೊದಲು ವಿಚಾರಿಸುವುದು ಅವಳನ್ನೇ, ಅದಕ್ಕೇ ಮೊದಲು ಬರೆದೆ. ನಾನು ಹುಟ್ಟುವ ಮೊದಲೇ ನಮ್ಮ ಮನೆಗೆ ಬಂದ ಆ ಹಸಿರು ಪಿಕಪ್, ನಮ್ಮ ಬೆಳ್ಳಿ ಬಣ್ಣದ ಟ್ರೇಲರ್ ಮನೆಯನ್ನು ಎಳೆದುಕೊಂಡು ನೆಬ್ರಾಸ್ಕಾದಿಂದ ಇಲ್ಲಿಯವರೆಗೆ ಹಾಡಿಕೊಂಡು ಬಂದಳು. ಮೂರನೇ ಗೇರಿನಲ್ಲಿ ಅವಳು ಗುನುಗುವುದು ಇನ್ನೂ ಹಾಗೆಯೇ ಇದೆ. ಆ ಸದ್ದು ಕಿವಿಗೆ ಬಿದ್ದರೆ ನನಗೆ ಈಗಲೂ ನಿದ್ದೆ ಬರುತ್ತದೆ.

ಈ ಕಾಗದದ ಹಿಂದಿನ ಆಸೆಯನ್ನು ಮುಚ್ಚಿಡುವುದಿಲ್ಲ. ಮದುವೆಯ ಊಟದಲ್ಲಿ ಕೀಲಿಕೈ ಕೊಡುವಾಗ ನೀನು ವೆಂಡೆಲ್‌ಗೆ ಹೇಳಿದೆಯಲ್ಲ, "ಜೋಪಾನ ಕಣಯ್ಯಾ, ಇದು ಅವಳ ಕೊನೇ ಟ್ರಿಪ್ಪು. ತಿಂಗಳ ಕೊನೇ ಭಾನುವಾರ ಡೆನ್ವರ್‌ನವರು ಬಂದು ತಗೊಂಡು ಹೋಗ್ತಾರೆ" ಅಂತ? ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕೈತೊಳೆಯುವ ನೆಪದಲ್ಲಿ ಹೋಗಿ ಅತ್ತು ಬಂದೆ. ಮಾರಬೇಡ ಅಪ್ಪಾ. ಡೆನ್ವರ್‌ನವರಿಗೆ ಫೋನು ಮಾಡಿ ಮನಸ್ಸು ಬದಲಾಯಿತು ಎಂದುಬಿಡು. ಇಷ್ಟು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬರುವಾಗ ಏನಾಯಿತು ಕೇಳು. ಬಫಲೋ ಊರು ದಾಟಿ ಬೆಟ್ಟದ ಏರು ಶುರುವಾಯಿತು. ಅರ್ಧಕ್ಕೆ ಬರುವಷ್ಟರಲ್ಲಿ ಟೆಂಪರೇಚರಿನ ಮುಳ್ಳು ಕೆಂಪು ಗೆರೆಯ ಹತ್ತಿರ. ಹಿಂದೆ ಕಾರುಗಳ ಸಾಲು, ಪಕ್ಕದಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ವೆಂಡೆಲ್‌ನ ಮುಖ ಬಿಳಿಚಿಕೊಂಡಿತು. ನಾನು ಕೈ ಚಾಚಿ ಹೀಟರನ್ನು ಪೂರ್ತಿ ತಿರುಗಿಸಿದೆ.

"ಏಯ್! ಏನ್ ಮಾಡ್ತಿದೀಯ? ಜುಲೈ ತಿಂಗಳಲ್ಲಿ ಹೀಟರಾ?"

"ಇಂಜಿನ್ನಿನ ಬಿಸೀನೆಲ್ಲಾ ಒಳಗೆ ಎಳ್ಕೊಳ್ಳುತ್ತೆ. ಕಿಟಕಿ ಇಳಿಸು, ಶೂ ಬಿಚ್ಚು."

"ಮದುವೆ ಆಗಿ ವಾರ ಆಗಿಲ್ಲ, ಆಗ್ಲೇ ನನ್ನ ಬೇಯಿಸಿ ತಿನ್ನೋ ಪ್ಲಾನಾ?"

"ನಮ್ಮನೇಲಿ ಹೀಗೇ ಬೆಟ್ಟ ಹತ್ತೋದು. ಸುಮ್ನೆ ಓಡ್ಸು!"

ಬೆವರು ಸುರಿಸುತ್ತಾ, ಬರಿಗಾಲಿನಲ್ಲಿ, ನಾಯಿಗಳ ಹಾಗೆ ಇಬ್ಬರೂ ಕಿಟಕಿಯಾಚೆ ತಲೆ ಹಾಕಿಕೊಂಡು ಮೇಲೆ ಬಂದೆವು. ಮುಳ್ಳು ಸಾವಕಾಶವಾಗಿ ಕೆಳಗಿಳಿಯಿತು. ನೆತ್ತಿ ಮುಟ್ಟಿದಾಗ ವೆಂಡೆಲ್ ಸ್ಟೀರಿಂಗಿಗೆ ಮುತ್ತು ಕೊಟ್ಟ, ನನಗೆ ಆಮೇಲೆ!

ಆ ಬಿಸಿಗಾಳಿ ಪಾದಕ್ಕೆ ಬಡಿದದ್ದೇ ತಡ, ನಾನು ಏಳು ವರ್ಷದ ಹುಡುಗಿಯಾಗಿಬಿಟ್ಟೆ. ಅಮ್ಮನ ಹೆಸರು ಎತ್ತಬಾರದೆಂಬ ನಮ್ಮ ಮನೆಯ ಕಟ್ಟಳೆಯನ್ನು ಇಲ್ಲೊಂದಿಷ್ಟು ಮುರಿಯುತ್ತೇನೆ, ತಾಳಿಕೋ. ಅವಳು ನಿನ್ನನ್ನು ಬಿಟ್ಟು ಬಿಲ್ಲಿಂಗ್ಸ್‌ನ ಆ ಮನುಷ್ಯನನ್ನು ಕಟ್ಟಿಕೊಂಡು ಮೂರು ವರ್ಷವಾಯಿತು, ನನ್ನ ಮದುವೆಗೂ ಬರದೆ ಪಿಂಗಾಣಿ ತಟ್ಟೆ ಕಳಿಸಿದಳು, ಎಲ್ಲ ನಿಜ. ಆದರೆ ಆ ಬೇಸಿಗೆಗಳಿಂದ ಅವಳನ್ನು ಕತ್ತರಿಸಿ ತೆಗೆಯಲು ನನಗೆ ಬರುವುದಿಲ್ಲ. ನಡುವೆ ನಾನು, ಆ ಬದಿ ನೀನು, ಈ ಬದಿ ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿದ ಅಮ್ಮ. ಬಿಸಿಲಿಗೆ ಕಾದ ಸೀಟು ತೊಡೆಗೆ ಅಂಟಿಕೊಂಡು, ಏಳುವಾಗ ಚರ್ಮವೇ ಕಿತ್ತು ಬಂದಂತಾಗುತ್ತಿತ್ತು. ಏರು ಬಂದಾಗ ನೀನು "ಬಂತು ನೋಡ್ರಪ್ಪಾ ಸ್ನಾನದ ಮನೆ!" ಎಂದು ಹೀಟರ್ ತಿರುಗಿಸುತ್ತಿದ್ದೆ. ಅಮ್ಮ ಐಸಿನ ಡಬ್ಬಿಯಲ್ಲಿ ಟವೆಲ್ ಅದ್ದಿ ನಮ್ಮಿಬ್ಬರ ಕತ್ತಿಗೂ ಸುತ್ತುತ್ತಿದ್ದಳು. ನೀರು ಬೆನ್ನಿಗಿಳಿದರೆ ನೀನು ಹೆಂಗಸರ ಹಾಗೆ ಕಿರುಚುತ್ತಿದ್ದೆ. ನಮ್ಮನ್ನು ದಾಟಿ ಹೋಗುವ ಕಾರಿನವರು ಇವರಿಗೇನು ಬಂತು ಎಂದು ತಿರುಗಿ ನೋಡುತ್ತಿದ್ದರು.

ಕ್ಯಾಂಪು ನೋಡಿಕೊಳ್ಳುವ ಓರ್ವಲ್ ಇನ್ನೂ ಇದ್ದಾನೆ. ಹಲ್ಲು ಕಮ್ಮಿಯಾಗಿದೆ, ಬಾಯಿ ಕಮ್ಮಿಯಾಗಿಲ್ಲ. ಆಲಿವ್ ಗೇಟು ದಾಟುತ್ತಿದ್ದಂತೆ ಟೋಪಿ ತೆಗೆದ. ನಮಗಲ್ಲ, ಅವಳಿಗೆ. ನಾವು ನಮ್ಮ ಹಳೆಯ ಜಾಗಕ್ಕೆ ಟ್ರೇಲರನ್ನು ಹಿಂದಕ್ಕೆ ಹಾಕತೊಡಗಿದಾಗ ಅವನು ಕುರ್ಚಿ ತಂದು ಹಾಕಿಕೊಂಡು ಕುಳಿತ. ಅಕ್ಕಪಕ್ಕದವರೂ ಕಾಫಿ ಹಿಡಿದು ಹೊರಬಂದರು. ವೆಂಡೆಲ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ನಾನು ಹಿಂದೆ ನಿಂತು ಕೈ ಬೀಸಿ ಬೀಸಿ ಸುಸ್ತಾದೆ.

"ಎಡಕ್ಕೆ ಅಂದ್ನಲ್ಲಾ!"

"ಯಾರ ಎಡ, ನಿಂದಾ ನಂದಾ?"

"ಅಯ್ಯೋ, ಆ ಪೈನ್ ಮರ ಏನು ಪಾಪ ಮಾಡಿತ್ತು?"

ಓರ್ವಲ್ ಕೂತಲ್ಲಿಂದಲೇ, "ಮದ್ವೆ ಗಟ್ಟಿನಾ ಅಂತ ನೋಡೋಕೆ ಚರ್ಚು ಯಾಕೆ ಬೇಕು ಮಗಳೇ, ಇದೇ ಸಾಕು" ಎಂದ. ಕೊನೆಗೆ ನಾನೇ ಹತ್ತಿ ಕುಳಿತೆ. ಸ್ಟೀರಿಂಗಿನ ಕೆಳತುದಿ ಹಿಡಿ, ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸು ಎಂದು ನೀನು ಕಲಿಸಿದ್ದು ಕೈಗೆ ನೆನಪಿತ್ತು. ಒಂದೇ ಏಟಿಗೆ ಒಳಗೆ! ಎಲ್ಲರೂ ಚಪ್ಪಾಳೆ ತಟ್ಟಿದರು. ವೆಂಡೆಲ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಈಗಿನ ಹೊಸ ಗಾಡಿಗಳು ಇಲ್ಲಿ ಸಾಲಾಗಿ ನಿಂತಿವೆ. ಏಸಿ ಹಾಕಿಕೊಂಡು, ಕಿಟಕಿ ಏರಿಸಿಕೊಂಡು, ಬೆಟ್ಟ ಹತ್ತಿದ್ದೇ ಗೊತ್ತಾಗದ ಹಾಗೆ ಬಂದುಬಿಡುತ್ತವೆ. ಮಕ್ಕಳು ಹಿಂದಿನ ಸೀಟಿನಲ್ಲಿ ಬೇರೆ, ಅಪ್ಪ ಅಮ್ಮ ಮುಂದೆ ಬೇರೆ. ನನ್ನ ಮಕ್ಕಳು ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂರಬೇಕು, ಬೆವರಬೇಕು, ಕಿರುಚಬೇಕು. (ಗಾಬರಿಯಾಗಬೇಡ, ಇನ್ನೂ ಯಾರೂ ಇಲ್ಲ!) ಇಷ್ಟು ವರ್ಷ ಇಟ್ಟುಕೊಂಡೆ, ಇನ್ನೊಂದಿಷ್ಟು ಇಟ್ಟುಕೋ.

ಬೆನ್ನುನೋವಿಗೆ ಎಣ್ಣೆ ತಿಕ್ಕಿಕೋ. ದಿನಾ ಡಬ್ಬಿಯ ಸೂಪು ಕುಡಿದು ಊಟವಾಯಿತು ಎನ್ನಬೇಡ. ನಿನ್ನ ಹೊಲಕ್ಕೆ ಆಲಿಕಲ್ಲು ಬೀಳದಿರಲಿ, ನಿನ್ನ ಕಾಫಿ ಬಿಸಿಯಾಗಿರಲಿ, ದೇವರು ನಿನ್ನನ್ನು ನನಗಾಗಿ ಬಹಳ ಕಾಲ ಗಟ್ಟಿಯಾಗಿಟ್ಟಿರಲಿ.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಕೋರಿ
(ಕೊರಿನ್ ಎಂದು ಕರೆಯುವವರು ಬ್ಯಾಂಕಿನವರು ಮಾತ್ರ)

ಮರೆತ ಮಾತು: ಅಲ್ಲ, ಮರೆತದ್ದಲ್ಲ. ನಿನ್ನೆ ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ. ಈಗ ಮತ್ತೆ ಬಿಚ್ಚಿದ್ದೇನೆ.

ಇವತ್ತು ಮಧ್ಯಾಹ್ನ ಅಮ್ಮ ಬಂದಿದ್ದಳು. ದಾರಿಯಲ್ಲಿ ಅವಳಿಗೊಂದು ಪೋಸ್ಟ್‌ಕಾರ್ಡ್ ಹಾಕಿದ್ದೆ. ಬಿಲ್ಲಿಂಗ್ಸ್‌ನಿಂದ ಒಬ್ಬಳೇ ಕಾರು ಓಡಿಸಿಕೊಂಡು, ಹುಳಿಸಿಹಿ ರೂಬಾರ್ಬ್ ಪೈ ಹಿಡಿದುಕೊಂಡು ಬಂದಳು. ಆಲಿವ್‌ಳನ್ನು ಕಂಡು "ಅಯ್ಯೋ ಮುದುಕೀ, ಇನ್ನೂ ಇದೀಯಾ!" ಎಂದು ನಕ್ಕು ಅವಳ ಮೈ ಸವರಿದಳು.

"ಸೀಟು ಹೊಸದಾಗಿ ಹೊಲಿಸಿದ್ದಾ?" ಎಂದು ಕೇಳಿದಳು.

"ಅಪ್ಪನೇ ಹೊಲಿದ್ರು."

"ಟೈರೂ ಹೊಸದು."

"ಅಪ್ಪ ಹೋದ ತಿಂಗಳು ಹಾಕಿಸಿದ್ರು."

"ಬಣ್ಣ ಎಷ್ಟ್ ಚೆನ್ನಾಗಿ ಉಳಿದಿದೆ ನೋಡು."

"ಪ್ರತಿ ಭಾನುವಾರ ತೊಳೀತಾರಮ್ಮ."

ಪ್ರತಿಯೊಂದು ಉತ್ತರದಲ್ಲೂ ನಿನ್ನನ್ನು ಎದುರಿಗೆ ತಂದು ನಿಲ್ಲಿಸಿದೆ ಅಪ್ಪಾ. ಹೇಗಿದ್ದಾರೆ ಎಂದು ಅವಳು ಒಂದು ಸಲವೂ ಕೇಳಲಿಲ್ಲ. ಡೆನ್ವರ್‌ನವರು ತೆಗೆದುಕೊಳ್ಳುತ್ತಾರೆ ಎಂದು ಹೇಳಿದಾಗಲಾದರೂ ಅವಳ ಮುಖ ಬಾಡುತ್ತದೆಯೇ ಎಂದು ನೋಡಿದೆ. "ಒಳ್ಳೇದಾಯ್ತು ಬಿಡು, ಯಾರಾದ್ರೂ ಓಡಿಸ್ತಾರಲ್ಲ" ಎಂದಳು. ಆ ಮನುಷ್ಯ ಊಟಕ್ಕೆ ಕಾಯುತ್ತಿರುತ್ತಾನೆಂದು ಬೆಳಕಿರುವಾಗಲೇ ಹೊರಟಳು. ಅವಳಿಗೆ ದ್ವೇಷವಿಲ್ಲ ಅಪ್ಪಾ. ಬೇಸರವೂ ಇಲ್ಲ. ಅವಳು ಖುಷಿಯಾಗಿದ್ದಾಳೆ, ನನ್ನಷ್ಟೇ.

ಆ ಗಾಡಿಯನ್ನು ಯಾರಿಗಾಗಿ ಇಟ್ಟುಕೊಂಡಿದ್ದೆ ಎಂದು ನೀನು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೇಲೆ ಬರೆದದ್ದನ್ನೆಲ್ಲ ಹರಿದುಹಾಕಲು ಹೋದೆ. ವೆಂಡೆಲ್ ಬೇಡ ಎಂದ, ಅದಕ್ಕೇ ಹಾಗೇ ಬಿಟ್ಟೆ.

ಮಾರಿಬಿಡು ಅಪ್ಪಾ. ಡೆನ್ವರ್‌ನವರು ಬರುವಾಗ ನಾನು ಅಲ್ಲೇ ಇರುತ್ತೇನೆ. ಅವರು ಹೋದ ಮೇಲೆ ನಿನ್ನ ಅಂಗಳದಲ್ಲಿ ಬಿಟ್ಟುಬಂದ ನಮ್ಮ ಕಾರಿನಲ್ಲಿ ಮೂವರೂ ಊಟಕ್ಕೆ ಹೋಗೋಣ. ವೆಂಡೆಲ್ ಹಿಂದೆ ಕೂರುತ್ತಾನಂತೆ. ಮುಂದಿನ ಸೀಟು ನಿನ್ನದು.