ಎಡಗೈ ಚಕ್ಕುಲಿ

ಬ್ರಿಸ್ಬೇನ್, ಸೋಮವಾರ

ದೊಡ್ಡಮ್ಮನಿಗೆ ಪ್ರಣತಿಯ ನಮಸ್ಕಾರ.

ಫೋನಿನಲ್ಲಾದರೆ ನೀನು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಪತ್ರ. ಮೊನ್ನೆ ನಾನು ಐದು ವಿಕೆಟ್ ತೆಗೆದು ನಾವು ಸರಣಿ ಗೆದ್ದೆವಲ್ಲ, ಮಾರನೇ ದಿನ ಸಾಗರದಿಂದ ಟೀವಿಯವರು ನಮ್ಮನೆಗೆ ಬಂದದ್ದನ್ನು ಇಲ್ಲಿಂದಲೇ ನೋಡಿದೆ. ಹೊಸ ಸೀರೆ ಉಟ್ಟು, "ನಮ್ಮನೆ ಚಕ್ಕುಲಿ ಕಂಬಳದಲ್ಲೇ ಅವಳ ಬೆರಳಿಗೆ ಸ್ಪಿನ್ ಬಂದದ್ದು" ಎಂದು ಹೇಳಿದ್ದೀಯ. ಸುಳ್ಳಲ್ಲ. ಅರ್ಧ ನುಂಗಿಕೊಂಡಿದ್ದೀಯ, ಅಷ್ಟೇ.

ನಾನು ಚಿಕ್ಕವಳಿದ್ದಾಗ, ಚೌತಿಯ ಮುಂಚೆ ಕಂಬಳಕ್ಕೆಂದು ಊರವರೆಲ್ಲ ನಮ್ಮನೆಯಲ್ಲಿ ಸೇರಿ ಸಾಲಾಗಿ ಕೂತು ಕೈಯಲ್ಲೇ ಚಕ್ಕುಲಿ ಸುತ್ತುತ್ತಿದ್ದರೆ, ನನ್ನೊಬ್ಬಳನ್ನೇ ಎಬ್ಬಿಸಿದ್ದು ನೀನು. "ಎಡಗೈ ಚಕ್ಕುಲಿ ದೇವ್ರಿಗೆ ಆಗ್ತಿಲ್ಲೆ, ಏಳೇ ಎಡಚಿ" ಎಂದು ಗದರಿದ್ದೂ ನೀನೇ. ಒಂದು ಉಂಡೆ ಹಿಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದೆ. ಅಳುತ್ತಲೇ ಎಡಗೈಯಲ್ಲಿ ಹೊಸೆದು ಸುತ್ತಿದೆ. ಎಲ್ಲೂ ಮುರಿಯಲಿಲ್ಲ. ಆಮೇಲೆ ಗದ್ದೆಬಯಲಲ್ಲಿ ಹುಡುಗರು ನನ್ನ ಕೈಗೆ ಚೆಂಡು ಕೊಟ್ಟಾಗ ಅದನ್ನು ತಿರುಗಿಸುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊನ್ನೆ ಎದುರಾಳಿ ನಾಯಕಿಯ ನಡು ಸ್ಟಂಪ್ ಹಾರಿಸಿದ್ದೂ ಅದೇ ಬೆರಳುಗಳು.

ಈ ಚೌತಿಗೆ ಬರುತ್ತಿದ್ದೇನೆ. ಅಕ್ಕಿ ಹಿಟ್ಟು ನುಣ್ಣಗೆ ಬೀಸಿಸಿಡು. ಕಂಬಳದಲ್ಲಿ ನಿನ್ನ ಪಕ್ಕದ ಮಣೆ ನನಗೆ. ಎಡಗೈಯಲ್ಲೇ ಸುತ್ತುತ್ತೇನೆ, ಎಲ್ಲರೂ ನೋಡಲಿ. ಕರಿದ ಮೇಲೆ ಆ ಚಕ್ಕುಲಿಯನ್ನು ಗಣಪತಿಯ ಮುಂದೆ ನಿನ್ನ ಕೈಯಾರೆ ಇಡಬೇಕು.

ಬೇಕಾದರೆ ಟೀವಿಯವರನ್ನೂ ಕರೆ.

ನಿನ್ನ ಎಡಚಿ,
ಪ್ರಣತಿ