ಲಂಗರಿಗೆ ಇಳಿದವರು

ಹೊಸ ಮನೆ, ಮೂರನೇ ಸಾಲು
ಮಂಗಳವಾರ, ೧೪ನೇ ತಾರೀಕು

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಕೆಲಸಕ್ಕೆ ಬಿಡುವಿರಲಿಲ್ಲ ಎಂದರೆ ನೀನು ನಂಬುತ್ತೀಯ, ಆದರೆ ಅದು ಪೂರ್ತಿ ನಿಜವಲ್ಲ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ.

ಮೊದಲು ಊರಿನ ಸುದ್ದಿ. ಅಲೆ ಬಂದು ಹೋದ ಹತ್ತು ತಿಂಗಳಿಗೆ ನಮಗೂ ಒಂದು ಮನೆ ಸಿಕ್ಕಿದೆ. ಗುಡ್ಡದ ಮಗ್ಗುಲಲ್ಲಿ ಸಾಲಾಗಿ ಕಟ್ಟಿದ್ದಾರೆ, ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಥರದ ಬಾಗಿಲು. ಮೊನ್ನೆ ಪಕ್ಕದ ಮನೆಯ ಅಜ್ಜಿ ಸೀದಾ ಒಳಗೆ ಬಂದು ಮಂಚದ ಮೇಲೆ ಕೂತು, ನಮ್ಮ ಮನೆಯಲ್ಲಿ ನಿನಗೇನು ಕೆಲಸ ಎಂದು ನನ್ನನ್ನೇ ದಬಾಯಿಸಿದಳು. ಬಹಳ ದಿನಗಳ ಮೇಲೆ ನಕ್ಕೆ. ಕಟ್ಟಿಸಿದವರು ಒಳ್ಳೆಯವರೇ, ಆದರೆ ಸಮುದ್ರದ ಕಡೆಗೆ ಒಂದು ಕಿಟಕಿಯನ್ನೂ ಇಟ್ಟಿಲ್ಲ. ನಮಗೆ ಭಯವಾಗುತ್ತದೆ ಅಂದುಕೊಂಡರಂತೆ. ಈಗ ಗಾಳಿ ಯಾವ ಕಡೆಗಿದೆ ಎಂದು ನೋಡಲು ಗಂಡಸರೆಲ್ಲ ಬೆಳಗ್ಗೆ ಎದ್ದ ಕೂಡಲೇ ಮನೆಯ ಹಿಂದಕ್ಕೆ ಓಡುತ್ತಾರೆ. ಕಂಡವರು ಊರಿಗೆಲ್ಲ ಹೊಟ್ಟೆ ಕೆಟ್ಟಿದೆ ಅಂದುಕೊಳ್ಳಬೇಕು.

ನಮ್ಮ ದೋಣಿಯೂ ಸಿದ್ಧವಾಗಿದೆ. ಹಳೆಯದರಲ್ಲಿ ಉಳಿದದ್ದು ಮೂತಿಯ ಕಡೆಯ ನಾಲ್ಕು ಹಲಗೆ. ಬಡಗಿ ಅವನ್ನು ಎಸೆಯಲು ಬಿಡದೆ ಹೊಸ ಮರಕ್ಕೆ ಜೋಡಿಸಿದ್ದಾನೆ. ಸಂದುಗಳಿಗೆ ನಾರು ತುಂಬಿ ಟಾರು ಮೆತ್ತಿದ್ದು ನಾನೇ, ಬೆರಳು ಇನ್ನೂ ಕಪ್ಪಾಗಿವೆ, ಕಾಗದದ ಅಂಚು ನೋಡಿದರೆ ಗೊತ್ತಾಗುತ್ತದೆ. ಶುಕ್ರವಾರ ಬೆಳಗ್ಗೆ ನೀರಿಗೆ ಇಳಿಸುವುದು. ಇನ್ನು ಮುಂದೆ ನಡೆಸುವವರು ನಿನ್ನ ಚಿಕ್ಕಪ್ಪ, ಆದರೆ ಮೊದಲು ಚುಕ್ಕಾಣಿ ಹಿಡಿಯುವವಳು ನೀನೇ ಆಗಬೇಕಂತೆ.

"ಸರಿಯಾಗಿ ನಡೆಯೋಕೆ ಬರೋ ಮುಂಚೆನೇ ಅಣ್ಣ ಅವಳ ಕೈಗೆ ಚುಕ್ಕಾಣಿ ಕೊಟ್ಟಿದ್ದ. ಅವಳು ಬರದೆ ನಾನು ದೋಣಿ ಮುಟ್ಟಲ್ಲ" ಎಂದು ಪಟ್ಟು ಹಿಡಿದು ಕೂತಿದ್ದಾರೆ.

ನಿನ್ನ ಕಾಗದದ ಆ ಸಾಲನ್ನು ನಾನು ಅವರಿಗೆ ಓದಿ ಹೇಳಿಲ್ಲ. ಅಪ್ಪನಿಗೆ ನಮ್ಮಿಬ್ಬರಿಗಿಂತ ಒಂದು ಕಬ್ಬಿಣದ ತುಂಡು ಹೆಚ್ಚಾಯಿತು, ಅಂಥವರ ದೋಣಿಗೆ ನಾನು ಕಾಲಿಡುವುದಿಲ್ಲ ಎಂದು ಬರೆದಿದ್ದೀಯ.

ಅಲೆ ಬಂದ ದಿನ ನೀನು ಪಟ್ಟಣದಲ್ಲಿ, ಹೊಲಿಗೆ ಕೆಲಸದಲ್ಲಿದ್ದೆ. ಅಲೆಗೆ ಮುಂಚೆ ಸಮುದ್ರದ ನೀರು ಅಷ್ಟು ದೂರ ಹಿಂದೆ ಸರಿದದ್ದನ್ನು ಕಂಡಿದ್ದರೆ ಬೇರೆ ಕಸುಬಿನವರು ಓಡಿಹೋಗುತ್ತಿದ್ದರೇನೋ. ನಮ್ಮವರಿಗೆ ಕಂಡದ್ದು ತಮ್ಮ ತಮ್ಮ ಲಂಗರು. ಬಂಡೆಯ ಸಂದಿಗೆ ಸಿಕ್ಕಿಬಿದ್ದು, ಹಗ್ಗ ಕೊಯ್ದು ಬಿಟ್ಟುಬಂದ ಎಷ್ಟೋ ವರ್ಷದ ಲಂಗರುಗಳೆಲ್ಲ ಕೆಸರಿನಲ್ಲಿ ಎದುರಿಗೇ ಬಿದ್ದಿದ್ದವು. ಇದು ನಂದು, ಅದು ನಿಂದು ಎಂದು ಒಬ್ಬರನ್ನೊಬ್ಬರು ಕಿಚಾಯಿಸುತ್ತ ಇಳಿದರು. ಹದಿನೇಳು ಜನ. ಒಬ್ಬರೂ ಹತ್ತಿ ಬರಲಿಲ್ಲ.

ನಿಮ್ಮಪ್ಪನದು ಅದರ ಹಿಂದಿನ ವರ್ಷ ಕಳೆದಿತ್ತು. ಅದಕ್ಕೇ ನಲ್ಲಿಯ ಹತ್ತಿರ ಹೆಂಗಸರು ಈಗಲೂ ಆಡಿಕೊಳ್ಳುತ್ತಾರೆ, ಅಷ್ಟು ತಿಳಿದವನಿಗೂ ಆಸೆ ಬಿಡಲಿಲ್ಲ ನೋಡು ಅಂತ. ನಾನು ಕೊಡ ಎತ್ತಿಕೊಂಡು ಬಂದುಬಿಡುತ್ತೇನೆ. ನಿನಗೆ ಈ ಮಾತು ಮುಟ್ಟಿಸಿದವರು ಯಾರೆಂದು ಕೇಳುವುದಿಲ್ಲ. ಆದರೆ ಸತ್ತವರ ಮೇಲೆ ಹಗೆ ಇಟ್ಟುಕೊಂಡು ನೀನು ಹೊಲಿಗೆ ಮಿಷನ್ನಿನ ಮುಂದೆ ಒಬ್ಬಳೇ ಕೂತಿರುತ್ತೀಯಲ್ಲ, ಅದನ್ನು ನೆನೆದರೆ ನನಗೆ ತುತ್ತು ಇಳಿಯುವುದಿಲ್ಲ.

ಸರಿಯಾಗಿ ಊಟ ಮಾಡು. ಕಣ್ಣು ನೋಯುವಷ್ಟು ಹೊಲಿಯಬೇಡ. ನಿನ್ನ ಕೈಗೆ ಬಲ ಬರಲಿ, ಮನಸ್ಸು ಹಗುರಾಗಲಿ, ನೂರು ಕಾಲ ಬಾಳು.

ಇಂತಿ ನಿನ್ನ
ಅಮ್ಮ

ತಾ.ಕ. ಹರಿದು ಹಾಕಿದ ಮೂರು ಕಾಗದದಲ್ಲೂ ಇದೇ ಇತ್ತು. ಈ ಸಲ ಹರಿಯುವುದಿಲ್ಲ. ನಿಮ್ಮಪ್ಪ ತಾವಾಗಿ ಇಳಿಯಲಿಲ್ಲ, ಪುಟ್ಟಿ. ದಡದ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ನಿಂತಿದ್ದರು. "ನೀರು ಹೀಗೆ ಹೋಗಿದ್ದನ್ನ ನಾನು ಯಾವತ್ತೂ ನೋಡಿಲ್ಲ. ಯಾಕೋ ಸರಿ ಕಾಣ್ತಿಲ್ಲ. ನಡಿ, ಎಲ್ಲರನ್ನೂ ಕರ್ಕೊಂಡು ಮೇಲೆ ಹೋಗೋಣ" ಅಂದರು. ನಾನು ಅವರ ಮುಖ ನೋಡಿ ನಕ್ಕೆ. "ಊರಿಗೆ ಊರೇ ಇಳಿದಿದೆ, ನಿಮ್ಮ ಕಾಲು ಮಾತ್ರ ನಡುಗ್ತಿದೆ" ಅಂದೆ. ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ ಅಂದೆ. ಅವರು ಪ್ಯಾಂಟು ಮಡಚಿಕೊಂಡು, ಹಾಗಾದರೆ ಹಗ್ಗ ತಗೊಂಡು ಬಾ ಎಂದು ಇಳಿದರು. ಹಗ್ಗಕ್ಕೆ ಗುಡ್ಡದ ಮೇಲಿನ ಬಲೆಮನೆಗೆ ಹೋದದ್ದರಿಂದ ನಾನು ಉಳಿದೆ. ಶುಕ್ರವಾರ ಬಾ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಚಿಕ್ಕಪ್ಪನಿಗೆ ತಿಳಿಸು, ನಾನು ದಡಕ್ಕೆ ಬರುವುದಿಲ್ಲ.