ಖಾಲಿ ಬಸ್ಸಿನ ಲೆಕ್ಕ

ಮಾರ್ಚ್ ೧೧, ಮನೆಯಿಂದ
ಅಮ್ಮ ಊಟ ಮಾಡಿ ಮಲಗಿದ್ದಾಳೆ

ಪ್ರೀತಿಯ ಮೊದ್ದು,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಅಮ್ಮನ ಮಂಡಿ ಪರವಾಗಿಲ್ಲ. ಆಸ್ಪತ್ರೆಯಲ್ಲಿ ಮಾಡಿಸುವ ವ್ಯಾಯಾಮ ಹಿಡಿಸಿದೆ. ಈಗ ಗೋಡೆ ಹಿಡಿಯದೆ ಅಡುಗೆಮನೆಯವರೆಗೆ ಬರುತ್ತಾಳೆ. ಮೇಲ್ ಕಳಿಸಿದರೆ ನೀನು ತೆರೆಯುವುದಿಲ್ಲ, ಫೋನಿನಲ್ಲಿ ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಕಾಗದ. ಲಕೋಟೆಯನ್ನಾದರೂ ಹರಿಯುತ್ತೀಯ ಎಂದುಕೊಂಡಿದ್ದೇನೆ.

ಬಸ್ ಕಂಪನಿಯಲ್ಲಿ ಅಂಕಿಅಂಶ ನೋಡುವ ಕೆಲಸಕ್ಕೆ ನೀನು ಸೇರಿದಾಗ, ನೀವು ಅಲ್ಲಿ ಲೆಕ್ಕಕ್ಕೆ ಬಳಸುವ ತಂತ್ರಾಂಶದ ಬಳಕೆದಾರರಿಗಾಗಿ ನಾನು ವಾರವಾರ ಹೊರತರುವ ಸುದ್ದಿಪತ್ರಕ್ಕೆ ನಿನ್ನ ಹೆಸರನ್ನೂ ಸೇರಿಸಿದೆ. ಹೊಸದೇನು ಬಂತು, ಯಾವ ಪಾಠ ಎಲ್ಲಿದೆ, ಜನ ಎಲ್ಲಿ ಎಡವುತ್ತಾರೆ, ಎಲ್ಲ ಅದರಲ್ಲಿರುತ್ತದೆ. ಯಾರು ತೆರೆದರು, ಯಾರು ತೆರೆಯಲಿಲ್ಲ ಎಂಬುದು ನನಗೆ ಕಾಣಿಸುತ್ತದೆ ಮಹರಾಯ. ಮುಖ ಕಂಡರಿಯದ ಕೋಳಿಸಾಕಣೆಯವರೊಬ್ಬರು ಸಾಲು ಬಿಡದೆ ಓದಿ ಪ್ರಶ್ನೆ ಕೇಳುತ್ತಾರೆ. ನನ್ನ ಒಡಹುಟ್ಟಿದವನು ಒಂದು ಸಲವೂ ತೆರೆದಿಲ್ಲ.

ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಮೊದಲ ಸುದ್ದಿಯೇ ಅದಾಗಿತ್ತು: "ಖಾಲಿ ಇರುವಲ್ಲಿ ಸೊನ್ನೆ ತುಂಬಲೇ?" ಎಂದು ಇನ್ನು ಮುಂದೆ ಕೇಳುತ್ತದೆ, ಯೋಚಿಸದೆ ಹೂಂ ಅನ್ನಬೇಡಿ, ಯಾರೂ ಎಣಿಸದೆ ಉಳಿದ ದಿನದ ಮನೆಯೂ ಪಟ್ಟಿಯಲ್ಲಿ ಖಾಲಿಯೇ ಇರುತ್ತದೆ. ನೀನು ಹೂಂ ಅಂದೆ. ನಿನ್ನೆ ಕೇಳಿದರೆ, "ಬಸ್ಸೇ ಖಾಲಿ ಅಂತ ತೋರಿಸ್ತಿತ್ತು ಕಣೇ ಅಕ್ಕ, ಸೊನ್ನೆ ಅನ್ನದೆ ಇನ್ನೇನ್ ಅನ್ಲಿ?" ಖಾಲಿ ಇದ್ದದ್ದು ನಿನ್ನ ಪಟ್ಟಿ ಕಣೋ. ಬಾಗಿಲ ಮೇಲಿನ ಎಣಿಕೆ ಯಂತ್ರ ಕೆಟ್ಟು ಕೂತಿದ್ದ ದಿನಗಳು ಅವು. ಅದೇ ದಿನಗಳಲ್ಲಿ ಆ ಬಸ್ಸಿನಲ್ಲೇ ನಾನು, ಅಮ್ಮ ಸೀಟು ಸಿಗದೆ ಡ್ರೈವರ್ ಬೆನ್ನ ಹಿಂದಿನ ಕಂಬಿ ಹಿಡಿದು ಆಸ್ಪತ್ರೆಗೆ ಹೋಗಿದ್ದೇವೆ. ನಿನ್ನ ಸೊನ್ನೆಗಳಿಂದ ಈಗ ಪ್ರಯಾಣಿಕರ ಸರಾಸರಿ ನೆಲಕಚ್ಚಿದೆ. ಮಧ್ಯಾಹ್ನದ ಆ ಬಸ್ಸನ್ನೇ ನಿಲ್ಲಿಸುತ್ತೇವೆಂದು ನಿಲ್ದಾಣದಲ್ಲಿ ನೋಟಿಸು ಅಂಟಿಸಿದ್ದಾರೆ. ಆಸ್ಪತ್ರೆಯ ಕಡೆಗೆ ಬೇರೆ ಬಸ್ಸಿಲ್ಲ. ಅಮ್ಮ ಅದನ್ನು ಎರಡೆರಡು ಸಲ ಓದಿ, "ಅವನಿಗೆ ಹೇಳೇ, ಹೆತ್ತವಳು ಸೊನ್ನೆ ಅಲ್ಲ ಅಂತ" ಅಂದಳು. ನೀನೋ, "ವರದಿ ಕೊಟ್ಟಾಯ್ತು, ಈಗ ತಪ್ಪು ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು" ಅನ್ನುತ್ತೀಯ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ ಇದೆ. ಸಿಟ್ಟೂ ಅದರ ಜೊತೆಗೇ ಇದೆ.

ನಿನ್ನ ಅಕ್ಕ

ಹೇಳಲು ಮರೆತೆ: ಸೋಮವಾರ ಇಲ್ಲಿಯ ಡಿಪೋದಲ್ಲಿ ಪ್ರಯಾಣಿಕರ ಮುಂದೆ ವರದಿ ಓದಲು ನೀನೇ ಬರುತ್ತೀಯಂತೆ. ಅಮ್ಮನನ್ನು ಕರೆದುಕೊಂಡು ನಾನೂ ಬರುವುದೆಂದು ತೀರ್ಮಾನಿಸಿದ್ದೇನೆ. ಅಷ್ಟರೊಳಗೆ ತಿದ್ದಿದ್ದರೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತೇವೆ. ಇಲ್ಲದಿದ್ದರೆ ಎದ್ದು ನಿಂತು ಸುದ್ದಿಪತ್ರದ ಆ ಸೊನ್ನೆಯ ಸುದ್ದಿಯನ್ನು ಎಲ್ಲರೆದುರೇ ಓದಿ ಹೇಳುತ್ತೇನೆ. ಅದೇ ಬಸ್ಸಿನಲ್ಲಿ ಬರುತ್ತೇವೆ. ಬಾಗಿಲಲ್ಲಿ ನಿಂತು ಎಣಿಸಿಕೋ.